ಆ ಚಿಪ್ಪನ್ನು ಅಲ್ಲೇ ಬಿಟ್ಟು ಬನ್ನಿ: ಬೇ ಏರಿಯಾದ ಕನ್ನಡ ಮನೆಗಳಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಲ್ಲ ಕನ್ನಡ ಮನೆಗಳಿಗೆ, ಪ್ರವಾಸ ಮತ್ತು ಪಿಕ್‌ನಿಕ್ ಏರ್ಪಡಿಸುವ ಹಿರಿಯರಿಗೆ, ಭಾನುವಾರದ ಕನ್ನಡ ತರಗತಿ ನಡೆಸುವ ಅಕ್ಕಂದಿರಿಗೆ, ಅಣ್ಣಂದಿರಿಗೆ,

ನಮಸ್ಕಾರ.

ನಾನು ಹದಿನಾಲ್ಕು ವರ್ಷದಿಂದ ಸನ್ನಿವೇಲ್‌ನಲ್ಲಿದ್ದೇನೆ. ನಿಮ್ಮ ಯುಗಾದಿ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವರಲ್ಲಿ ಒಬ್ಬಳು. ಏಪ್ರಿಲ್ ಕೊನೆಯ ಒಂದು ಶನಿವಾರ, ಕುಮಟಾದಿಂದ ಬಂದಿರುವ ಅಮ್ಮನನ್ನು ಕರೆದುಕೊಂಡು ಕಡಲ ದಡದ ಪಾಯಿಂಟ್ ಲೋಬೋಸ್‌ಗೆ ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇದ್ದೆವು. ಆ ದಿನ ಕಂಡದ್ದನ್ನು ಮನೆಯಲ್ಲಿ ಹೇಳಿಕೊಂಡು ಸುಮ್ಮನಾಗಬಹುದಿತ್ತು. ಎರಡು ವಾರ ಹಾಗೇ ಇದ್ದೆ. ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಪತ್ರ.

ಯಾರ ಹೆಸರನ್ನೂ ಬರೆಯುವುದಿಲ್ಲ. ನನಗೆ ಹೆಸರು ಗೊತ್ತೂ ಇಲ್ಲ. ಅವರು ಕೆಟ್ಟವರು ಎಂದು ಹೇಳುವುದಂತೂ ನನ್ನ ಉದ್ದೇಶ ಅಲ್ಲವೇ ಅಲ್ಲ.

ಹೋಗದವರಿಗಾಗಿ ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕಾರ್ಮೆಲ್ ಊರು ದಾಟಿ ಹೈವೇ ಒಂದರಲ್ಲಿ ದಕ್ಷಿಣಕ್ಕೆ ಹೋದರೆ ಬಲಗಡೆ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಇದೂ ಒಂದು. ಆದರೆ ಇದಕ್ಕೆ 'ನ್ಯಾಚುರಲ್ ರಿಸರ್ವ್' ಎಂಬ ದರ್ಜೆ ಕೊಟ್ಟಿದ್ದಾರೆ. ಅಂದರೆ ಲಾಲ್‌ಬಾಗ್ ತರಹದ ಪಾರ್ಕ್ ಅಲ್ಲ. ಇಲ್ಲಿ ಮೊದಲ ಹಕ್ಕು ಅಲ್ಲಿನ ಜೀವಗಳದ್ದು. ನಾವು ಬಂದು ನೋಡಿಕೊಂಡು ಹೋಗುವವರು. ಪಾಯಿಂಟ್ ಲೋಬೋಸ್ ಎಂಬ ಹೆಸರು ಸ್ಪ್ಯಾನಿಷ್ ಮಾತಿನಿಂದ ಬಂದದ್ದು, 'ಕಡಲ ತೋಳಗಳ ಭೂಶಿರ' ಎಂದು ಅರ್ಥ. ದೂರದ ಬಂಡೆಗಳ ಮೇಲೆ ಸೀ ಲಯನ್‌ಗಳು ದಿನವಿಡೀ ಬೊಗಳುವುದನ್ನು ಕೇಳಿದರೆ ಆ ಹೆಸರು ಯಾಕೆ ಬಂತು ಎಂದು ತಿಳಿಯುತ್ತದೆ.

ಆ ದಿನವನ್ನು ಆರಿಸಿದ್ದು ಅಮ್ಮ. "ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ನೀರು ಚೆನ್ನಾಗಿ ಇಳೀತದೆ, ಆಗ ಹೋಗುವ" ಎಂದಳು. ಅವಳು ಅಘನಾಶಿನಿ ನದಿ ಕಡಲು ಸೇರುವ ಕಡೆ ಬೆಳೆದವಳು. ಉಬ್ಬರ ಇಳಿತದ ಲೆಕ್ಕಕ್ಕೆ ಅವಳಿಗೆ ಫೋನ್ ಬೇಡ. ನಾನು ಫೋನಿನಲ್ಲಿ ನೋಡಿದರೂ ಅದೇ ಬಂತು. ಇಲ್ಲಿ ವಸಂತದಲ್ಲಿ ದೊಡ್ಡ ಇಳಿತ ಬೆಳಿಗ್ಗೆಯೇ ಇರುತ್ತದೆ. ಎಂಟಕ್ಕೆ ಗೇಟು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದೆವು. ನೇರ ವೆಸ್ಟನ್ ಬೀಚ್‌ಗೆ ಹೋದೆವು. ಎಡ್ವರ್ಡ್ ವೆಸ್ಟನ್ ಎಂಬ ಛಾಯಾಗ್ರಾಹಕನ ಹೆಸರು ಆ ಜಾಗಕ್ಕೆ. ಮರಳು ಕಡಿಮೆ, ಬಣ್ಣಬಣ್ಣದ ಬೆಣಚುಕಲ್ಲು ಜಾಸ್ತಿ. ಪದರ ಪದರವಾಗಿ ಓರೆಯಾಗಿ ಎದ್ದ ಬಂಡೆಗಳು. ನೀರು ಇಳಿದಾಗ ಅವುಗಳ ನಡುವಿನ ಗುಂಡಿಗಳು ಒಂದೊಂದು ಪುಟ್ಟ ಕೆರೆಯಾಗುತ್ತವೆ.

ಅಮ್ಮ ಒಂದು ಗುಂಡಿಯ ಪಕ್ಕ ಕೂತಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾಲಲ್ಲಿ ನನ್ನ ಹಳೇ ಶೂ ಹಾಕಿಕೊಂಡು. ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ಕಾಣತೊಡಗಿತು. ಹಸಿರು ಹೂವಿನ ಹಾಗೆ ಅರಳಿದ ಸೀ ಅನೆಮನಿ. ಕಲ್ಲಿಗೆ ಅಂಟಿದ ಟೋಪಿ ಚಿಪ್ಪುಗಳು. ಕಪ್ಪು ಬಸವನಹುಳುವಿನ ಚಿಪ್ಪೊಂದು ಎದ್ದು ನಡೆಯಿತು. ಅದರೊಳಗೆ ಇದ್ದದ್ದು ಹುಳುವಲ್ಲ, ಸನ್ಯಾಸಿ ಏಡಿ. ಅಮ್ಮ ನಕ್ಕಳು. "ನಮ್ಮಲ್ಲೂ ಇದೆ ಇದು. ಬಾಡಿಗೆ ಮನೆಯವ."

ಆ ಹೊತ್ತಿಗೇ ಹಿಂದಿನಿಂದ ಕನ್ನಡ ಕೇಳಿಸಿತು.

ಮೊದಲು ಎಷ್ಟು ಖುಷಿಯಾಯಿತು ಎಂದು ಹೇಳಲೇಬೇಕು. ನಾಲ್ಕೈದು ಸಂಸಾರ, ಏಳೆಂಟು ಮಕ್ಕಳು, ಇಬ್ಬರು ಮೂವರು ಅಜ್ಜ ಅಜ್ಜಿಯರು. ಅಮ್ಮ ತಲೆ ಎತ್ತಿ ನೋಡಿ, "ಮಾತಾಡಿಸುವ" ಎಂದಳು. ನಾವು ಎದ್ದು ಅವರ ಕಡೆ ಹೋಗುವಷ್ಟರಲ್ಲಿ ಮಕ್ಕಳು ಬಂಡೆಗಳ ಮೇಲೆ ಹರಡಿಕೊಂಡಿದ್ದರು. ಒಬ್ಬ ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್. ಇನ್ನೊಬ್ಬ ನಕ್ಷತ್ರ ಮೀನೊಂದನ್ನು ಬಂಡೆಯಿಂದ ಕೀಳುತ್ತಿದ್ದ. ಅದು ಬಿಡುತ್ತಿರಲಿಲ್ಲ. ಅವನ ತಾಯಿ ಫೋನ್ ಹಿಡಿದು, "ಇನ್ನೂ ಸ್ವಲ್ಪ ಜೋರಾಗಿ ಎಳಿ ಪುಟ್ಟ, ಎತ್ತಿ ಹಿಡ್ಕೋ, ಫೋಟೋ ತೆಗೀತೀನಿ" ಎನ್ನುತ್ತಿದ್ದರು. ಕೊನೆಗೆ ಕಿತ್ತು ಬಂತು. ಬಿಸಿಲಿನಲ್ಲಿ ಎತ್ತಿ ಹಿಡಿದ. ಅದು ಕೈಯಿಂದ ಕೈಗೆ ಹೋಯಿತು. ಆರು ಫೋಟೋ ಆಯಿತು. ಇತ್ತ ಒಬ್ಬರು ದೊಡ್ಡವರೇ ಅಂಗಡಿಯ ಕವರ್ ಹಿಡಿದು ಚಿಪ್ಪು ಆರಿಸುತ್ತಿದ್ದರು. ಮನೆಯ ಅಕ್ವೇರಿಯಂಗೆ ಎಂದು ಮಾತು. ಅವರ ಹೆಂಡತಿ, "ಬೋರ್ಡಿದೆ ಅಲ್ವಾ, ತಗೋಬಾರದು ಅಂತ" ಎಂದರು. ಅವರು ಆಚೀಚೆ ನೋಡಿ ಹೇಳಿದರು: "ಯಾರೂ ನೋಡ್ತಿಲ್ಲ, ಬಾ."

ಆ ಮಾತು ಬೇರೆ ಯಾವ ಭಾಷೆಯಲ್ಲಿ ಬಂದಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ನನ್ನ ಭಾಷೆಯಲ್ಲಿ ಬಂತು. ಅಲ್ಲಿ ಅದು ಅರ್ಥವಾಗುವ ಹೊರಗಿನವರು ನಾವಿಬ್ಬರೇ. ಇಲ್ಲಿ ಕನ್ನಡ ನಮಗೆ ಗುಟ್ಟಿನ ಭಾಷೆಯೂ ಆಗಿಬಿಟ್ಟಿದೆ. ಮಕ್ಕಳ ಮುಂದೆಯೇ ಅದನ್ನು ಹೀಗೆ ಬಳಸಿದ್ದು ನನಗೆ ಚುಚ್ಚಿತು.

ನಾನು ಆಗ ಏನೂ ಹೇಳಲಿಲ್ಲ. ಅದಕ್ಕೆ ನನಗೆ ನಾಚಿಕೆ ಇದೆ. ಅಮ್ಮ ಹೋದಳು. ನಕ್ಷತ್ರ ಮೀನು ಹಿಡಿದ ಹುಡುಗನ ಪಕ್ಕ ಕೂತು, "ತಮ್ಮಾ, ಇದು ಎಲ್ಲಿತ್ತು ತೋರಿಸು" ಎಂದಳು. ಅವನು ಬಂಡೆ ತೋರಿಸಿದ. "ಅಲ್ಲೇ ಇಡುವ ಬಾ, ಅದಕ್ಕೆ ನೀರಡಿಕೆ ಆಗಿದೆ." ಹುಡುಗ ತಕ್ಷಣ ಒಪ್ಪಿದ. ಎರಡೂ ಕೈಯಲ್ಲಿ ಹಿಡಿದು, ನೆರಳಿದ್ದ ಕಡೆ, ಒದ್ದೆ ಬಂಡೆಗೆ ಒತ್ತಿಟ್ಟ. ಮಕ್ಕಳಿಗೆ ಹೇಳುವುದು ಕಷ್ಟವಲ್ಲ. ಅವನ ತಾಯಿಗೆ ಮಾತ್ರ ಬೇಸರವಾಯಿತು. "ಆಂಟಿ, ನಾವೇನು ಕೊಂದಿಲ್ಲವಲ್ಲ. ಮಕ್ಕಳು ಮುಟ್ಟಿ ನೋಡ್ಲಿ ಅಂತಾನೇ ಇಷ್ಟು ದೂರ ಬಂದಿದ್ದು" ಎಂದರು. ಅಮ್ಮ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ನಾನು ಇಲ್ಲಿ ಕೊಡುತ್ತೇನೆ. ದಯವಿಟ್ಟು ಕೋಪ ಮಾಡಿಕೊಳ್ಳದೆ ಓದಿ.

ನಕ್ಷತ್ರ ಮೀನಿನ ಹೊಟ್ಟೆಯ ಕಡೆ ನೂರಾರು ಸಣ್ಣ ಕೊಳವೆ ಕಾಲುಗಳಿವೆ. ಅವುಗಳಿಂದಲೇ ಅದು ಬಂಡೆ ಹಿಡಿದು ಅಲೆಯ ಹೊಡೆತ ತಡೆಯುವುದು. ನಾವು ಜೋರಾಗಿ ಎಳೆದರೆ ಆ ಕಾಲುಗಳು ಹರಿಯುತ್ತವೆ. ನೋಡುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಯಾಕೆಂದರೆ ಅದು ಕೂಗುವುದಿಲ್ಲ. ಈ ಕರಾವಳಿಯ ನಕ್ಷತ್ರ ಮೀನುಗಳು ಮೊದಲೇ ಸಂಕಟದಲ್ಲಿವೆ. 2013ರಲ್ಲಿ ಅವುಗಳಿಗೆ ಒಂದು ರೋಗ ಹರಡಿತು. ಮೈ ಕರಗಿ, ತೋಳು ಕಳಚಿ ಸಾಯುವ ರೋಗ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು ಎಂದು ವಿಜ್ಞಾನಿಗಳು ಗುರುತಿಸಿದ್ದು 2025ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ತೋಳಿನ, ಸೂರ್ಯಕಾಂತಿಯ ಹೆಸರಿನ ದೊಡ್ಡ ನಕ್ಷತ್ರ ಮೀನು ಕ್ಯಾಲಿಫೋರ್ನಿಯಾದ ನೀರಿನಲ್ಲಿ ಹೆಚ್ಚುಕಡಿಮೆ ಕಾಣೆಯೇ ಆಯಿತು. ಅದು ಮುಳ್ಳುಚೆಂಡಿನಂಥ ಸೀ ಅರ್ಚಿನ್‌ಗಳನ್ನು ತಿನ್ನುತ್ತಿತ್ತು. ತಿನ್ನುವವರು ಹೋದ ಮೇಲೆ ಅವು ಹೆಚ್ಚಾದವು. ಹೆಚ್ಚಾದ ಅರ್ಚಿನ್‌ಗಳು ಕೆಲ್ಪ್ ಎಂಬ ಕಡಲ ಗಿಡಗಳ ಕಾಡನ್ನೇ ಮೇದವು. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರದ ಕರಾವಳಿಯಲ್ಲಿ ಆ ಕಾಡಿನ ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ಹೋಯಿತು. ಕಡಲ ನೀರು ಬಿಸಿಯಾದದ್ದೂ ಅದಕ್ಕೆ ಕಾರಣ. ಇಷ್ಟೆಲ್ಲ ಆದ ಮೇಲೂ ಬಂಡೆ ಹಿಡಿದು ಉಳಿದದ್ದನ್ನು ನಾವು ಫೋಟೋಗಾಗಿ ಕಿತ್ತೆವು.

ಇನ್ನು ಖಾಲಿ ಚಿಪ್ಪು. "ಸತ್ತದ್ದನ್ನ ತಾನೇ ತಗೊಂಡಿದ್ದು" ಎಂದು ನಾನೇ ಒಂದು ಕಾಲದಲ್ಲಿ ಹೇಳಿದ್ದೆ. ಮೊದಲ ವರ್ಷ ಇಲ್ಲಿಗೆ ಬಂದಾಗ ನಾನೂ ಒಂದು ಮುಷ್ಟಿ ತಂದಿದ್ದೆ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪು ಬೆಳೆಯುವುದಿಲ್ಲ. ಹಿಂಭಾಗ ಮೆತ್ತಗೆ. ಬಸವನಹುಳು ಬಿಟ್ಟು ಹೋದ ಚಿಪ್ಪು ಸಿಕ್ಕರೆ ಬದುಕು, ಇಲ್ಲದಿದ್ದರೆ ಯಾವುದೋ ಹಕ್ಕಿಗೆ ಊಟ. ಬೆಳೆದಂತೆ ದೊಡ್ಡ ಮನೆಗೆ ಬದಲಾಯಿಸಬೇಕು. ಅಂದರೆ ಆ ಕವರ್‌ನಲ್ಲಿ ಇದ್ದದ್ದು ಖಾಲಿ ಚಿಪ್ಪಲ್ಲ, ಯಾರೋ ಮುಂದಿನ ತಿಂಗಳು ಸೇರಬೇಕಾದ ಮನೆಗಳು. ಒಳಗೆ ಯಾರೂ ಇಲ್ಲ ಎಂದು ಎಷ್ಟರ ಮಟ್ಟಿಗೆ ನೋಡಿ ತೆಗೆದಿದ್ದರೋ ಅದೂ ಗೊತ್ತಿಲ್ಲ. ಹೆದರಿದ ಏಡಿ ಪೂರ್ತಿ ಒಳಗೆ ಸರಿದು ಕೂರುತ್ತದೆ. ಖಾಲಿ ಅನ್ನಿಸುತ್ತದೆ.

"ಒಂದು ಚಿಪ್ಪಿನಿಂದ ಏನಾಗುತ್ತೆ?" ಆ ಜಾಗಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಎಲ್ಲರೂ ಇದೇ ಪ್ರಶ್ನೆ ಕೇಳಿದರೆ ಲೆಕ್ಕ ನೀವೇ ಹಾಕಿ. ಅಲ್ಲಿ ಚಿಪ್ಪು, ಕಲ್ಲು, ದಡಕ್ಕೆ ಬಂದ ಕಟ್ಟಿಗೆ, ಹೂವು, ಏನನ್ನೂ ತೆಗೆಯುವಂತಿಲ್ಲ. ಇದು ಸಲಹೆ ಅಲ್ಲ, ನಿಯಮ. ಮಕ್ಕಳು ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಕಟ್ಟುವುದೂ ಬೇಡ. ಎತ್ತಿದ ಪ್ರತಿ ಕಲ್ಲಿನ ಕೆಳಗೆ ಒಂದು ಸಂಸಾರ ಇರುತ್ತದೆ.

ಆ ದಿನ ಮಧ್ಯಾಹ್ನ ಕಂಡದ್ದು ಇದಕ್ಕಿಂತ ನೋವಿನದು. ಅದನ್ನು ಮಾಡಿದವರು ನಮ್ಮವರಲ್ಲ. ಅದನ್ನೂ ಸ್ಪಷ್ಟವಾಗಿ ಹೇಳುತ್ತೇನೆ, ತಪ್ಪು ಮಾಡುವವರು ಕನ್ನಡದವರು ಮಾತ್ರ ಎಂದು ಯಾರೂ ಅಂದುಕೊಳ್ಳಬಾರದು.

ಬರ್ಡ್ ಐಲ್ಯಾಂಡ್ ಕಡೆಗೆ ಹೋಗುವ ದಾರಿಯಲ್ಲಿ, ಕೆಳಗೆ ಒಂದು ಸಣ್ಣ ಮರಳಿನ ದಂಡೆಯಲ್ಲಿ ಹಾರ್ಬರ್ ಸೀಲ್ ಎಂಬ ಕಡಲ ಪ್ರಾಣಿಗಳು ಮಲಗಿದ್ದವು. ಏಪ್ರಿಲ್, ಮೇ ಅವು ಮರಿ ಹಾಕುವ ಕಾಲ. ಒಬ್ಬ ಸ್ವಯಂಸೇವಕಿ ಮೇಲೆ ಟೆಲಿಸ್ಕೋಪ್ ನಿಲ್ಲಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ವಯಸ್ಸಾದ ಹೆಂಗಸು, ಸಂಬಳವಿಲ್ಲದ ಕೆಲಸ. ಅಮ್ಮನ ಎತ್ತರಕ್ಕೆ ಟೆಲಿಸ್ಕೋಪ್ ತಗ್ಗಿಸಿ ಕೊಟ್ಟರು. ಅಮ್ಮ ತುಂಬಾ ಹೊತ್ತು ನೋಡಿದಳು. ಒಂದು ಮರಿ ಹಾಲು ಕುಡಿಯುತ್ತಿತ್ತು. ಮರಿ ತಾಯಿಯ ಹಾಲು ಕುಡಿಯುವುದು ಸುಮಾರು ನಾಲ್ಕು ವಾರ ಮಾತ್ರ ಎಂದು ಆಕೆ ಹೇಳಿದರು. ಅಷ್ಟರಲ್ಲಿ ಅದು ದಪ್ಪಗಾಗಬೇಕು. ಆಮೇಲೆ ಅದರ ಪಾಡು ಅದಕ್ಕೆ.

ಆಗ ಇಬ್ಬರು ದಾರಿಯ ಪಕ್ಕದ ತಂತಿ ದಾಟಿ ಬಂಡೆಯ ಅಂಚಿಗೆ ಇಳಿದರು. ಸೆಲ್ಫಿಗಾಗಿ. ಸ್ವಯಂಸೇವಕಿ ಕೂಗಿದರು. ಗಾಳಿಯಲ್ಲಿ ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಿಲ್ಲಲಿಲ್ಲವೋ. ಕೆಳಗೆ ಸೀಲ್‌ಗಳ ತಲೆಗಳು ಒಟ್ಟಿಗೆ ಎದ್ದವು. ಒಂದು ಜಾರಿತು. ಅದರ ಹಿಂದೆ ಎಲ್ಲವೂ ದಡಬಡ ನೀರಿಗೆ. ಅರ್ಧ ನಿಮಿಷದಲ್ಲಿ ಮರಳು ಖಾಲಿ. ಒಂದು ಮರಿ ಉಳಿಯಿತು. ಅದು ಕೂಗಿತು. ಎಳೆ ಮಗುವಿನ ಹಾಗೇ ಇತ್ತು ಆ ದನಿ.

ಹೆದರಿ ಓಡಿದ ತಾಯಿ ಮರಿಯನ್ನು ಮತ್ತೆ ಸೇರದೇ ಹೋದರೆ ಆ ಮರಿ ಹಸಿದು ಸಾಯುತ್ತದೆ. ಸೀಲ್‌ಗಳಿಂದ ಕನಿಷ್ಠ 50 ಗಜ ದೂರ ಇರಿ ಎಂದು ಇಲ್ಲಿ ಹೇಳುವುದು ಸುಮ್ಮನೆ ಅಲ್ಲ. 1972ರ ಕಡಲ ಸಸ್ತನಿಗಳ ರಕ್ಷಣೆಯ ಕಾಯ್ದೆಯ ಪ್ರಕಾರ ಅವುಗಳನ್ನು ಬೆದರಿಸುವುದೇ ಅಪರಾಧ. ಹೊಡೆಯಬೇಕೆಂದಿಲ್ಲ, ಮುಟ್ಟಬೇಕೆಂದಿಲ್ಲ. ನಾವು ಮುಕ್ಕಾಲು ಗಂಟೆ ಕಾದೆವು. ನೀರಿನಲ್ಲಿ ತಲೆಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಯಾವುದೂ ದಡಕ್ಕೆ ಬರಲಿಲ್ಲ. "ನೀವು ಹೋಗಿ, ನಾನು ಇರುತ್ತೇನೆ" ಎಂದು ಆಕೆ ಹೇಳಿದರು. ನಾವು ಹೋದೆವು. ಅಮ್ಮ ಈಗಲೂ ಊಟದ ಹೊತ್ತಿಗೆ ಕೇಳುತ್ತಾಳೆ: "ಅದರ ತಾಯಿ ಬಂದಿರಬಹುದಾ?"

ಬೆಳಗಿನ ಗುಂಪು ಪೈನಿ ವುಡ್ಸ್‌ನಲ್ಲಿ ಮತ್ತೆ ಸಿಕ್ಕಿತು. ಊಟ ಮಾಡಲು ಬಿಡುವ ಮೂರು ಜಾಗಗಳಲ್ಲಿ ಅದೂ ಒಂದು. ಚಿತ್ರಾನ್ನದ ಪರಿಮಳ ದೂರಕ್ಕೇ ಬರುತ್ತಿತ್ತು. ಬೆಳಿಗ್ಗೆಯ ಬೇಸರ ಮರೆತು ನಮ್ಮನ್ನೂ ಕರೆದರು. ಅಮ್ಮನಿಗೆ ಕೈತುಂಬಾ ಕೋಡುಬಳೆ ಕೊಟ್ಟರು. ಇದನ್ನೂ ಬರೆಯಲೇಬೇಕು, ಯಾಕೆಂದರೆ ಅವರು ಅಂಥ ಜನ. ಆದರೆ ಸ್ಪೀಕರ್‌ನಲ್ಲಿ ಹಾಡು ಜೋರಾಗಿತ್ತು. ಪಕ್ಕದಲ್ಲಿ ದುರ್ಬೀನು ಹಿಡಿದು ಕೂತಿದ್ದ ಇಬ್ಬರು ಎದ್ದು ಹೋದರು. ಮಕ್ಕಳು ಅಳಿಲಿಗೂ ನೀಲಿ ಜೇ ಹಕ್ಕಿಗೂ ಚಿಪ್ಸ್ ಎಸೆಯುತ್ತಿದ್ದರು. ಮನೆಯ ಅಂಗಳದಲ್ಲಿ ಕಾಗೆಗೆ ಅನ್ನ ಇಡುವ ನಮಗೆ ಇದು ಪುಣ್ಯದ ಕೆಲಸ ಅನ್ನಿಸುತ್ತದೆ. ಆದರೆ ನಮ್ಮ ಕೈ ಕಾಯುತ್ತಾ ಕೂರುವ ಜೇ ಹಕ್ಕಿ ಬೇರೆ ಹಕ್ಕಿಗಳ ಗೂಡಿಗೂ ಹತ್ತಿರವಾಗುತ್ತದೆ. ಮೊಟ್ಟೆ, ಮರಿ ತಿನ್ನುತ್ತದೆ. ಹಾಗಾಗಿ ಇಲ್ಲಿ ಹಾಕದೇ ಇರುವುದೇ ಉಪಕಾರ.

ನಾನು ಇಷ್ಟು ಹೇಳಿದಾಗ ಒಬ್ಬರು ಕೇಳಿದರು: "ನಿಮ್ಮ ಕುಮಟಾದಲ್ಲಿ ಕಡಲಿಂದ ಗಾಡಿಗಟ್ಟಲೆ ತೆಗೀತಾರೆ. ಇಲ್ಲಿ ಮಗು ಒಂದು ಚಿಪ್ಪು ತಗೊಂಡ್ರೆ ತಪ್ಪಾ?" ನ್ಯಾಯವಾದ ಪ್ರಶ್ನೆ. ಉತ್ತರ ಅಮ್ಮನದು. ಅಘನಾಶಿನಿಯಲ್ಲಿ ನೀರು ಇಳಿದಾಗ ಹೆಂಗಸರು ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕಲು ಇಳಿಯುತ್ತಾರೆ. ಅದು ಅವರ ಊಟ, ಅವರ ದುಡಿಮೆ. ಅಮ್ಮ ಚಿಕ್ಕವಳಿದ್ದಾಗ ಸಣ್ಣ ಬಳಚು ತಂದರೆ ಅಜ್ಜಿ ಬೈದು ವಾಪಸ್ ಹಾಕಿಸುತ್ತಿದ್ದಳಂತೆ. "ಮುಂದಿನ ವರ್ಷ ಏನ್ ತಿಂತೀಯೇ?" ಎಂದು. ಈಗಲೂ ಜೂನ್, ಜುಲೈ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಕಡಲನ್ನೇ ನಂಬಿದವರು ಎರಡು ತಿಂಗಳು ಕೈಕಟ್ಟಿ ಕೂರುತ್ತಾರೆ. ನಮಗೆ ಕಡಲು ವಾರಾಂತ್ಯದ ಸಂತೋಷ ಅಷ್ಟೇ. ನಮ್ಮ ಕೈ ಖಾಲಿ ಬಂದರೆ ಮನೆಯಲ್ಲಿ ಯಾರೂ ಉಪವಾಸ ಬೀಳುವುದಿಲ್ಲ.

ಮುಟ್ಟಬಾರದ ಜಾಗ ಎಂಬುದು ನಮಗೆ ಹೊಸದೂ ಅಲ್ಲ. ಕೊಡಗಿನ ದೇವರಕಾಡಿಗೆ ಹೋದವರು ಕೊಂಬೆ ಮುರಿದು ತರುತ್ತಾರಾ? ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳು ಕಾಲಿಗೆ ತಾಗುವಷ್ಟು ಹತ್ತಿರ ಬರುತ್ತವೆ. ಒಂದನ್ನಾದರೂ ಯಾರಾದರೂ ಹಿಡಿಯುತ್ತಾರಾ? ಅಲ್ಲಿ ಯಾರೂ ಕಾವಲು ನಿಂತಿರದಿದ್ದರೂ ನಾವು ಕೈ ಚಾಚುವುದಿಲ್ಲ. ಅಲ್ಲಿನ ಆ ಕೈಯೇ ಇಲ್ಲಿಗೂ ಬಂದಿದೆ. ಇಲ್ಲಿನ ಬೋರ್ಡು ಇಂಗ್ಲಿಷಿನಲ್ಲಿರುವುದರಿಂದ ಅದು ಪರರ ನಿಯಮದ ಹಾಗೆ ಕಾಣುತ್ತದೆ, ಅಷ್ಟೇ.

ಸಂಜೆ ವೇಲರ್ಸ್ ಕೋವ್‌ನ ಹಳೇ ಮರದ ಮನೆಗೆ ಹೋದೆವು. 1850ರ ದಶಕದಲ್ಲಿ ಚೀನಾದಿಂದ ಬಂದ ಮೀನುಗಾರರು ಕಟ್ಟಿದ್ದು. ಈಗ ಸಣ್ಣ ವಸ್ತುಸಂಗ್ರಹಾಲಯ. ನೆಲದ ತೊಲೆಗಳ ಕೆಳಗೆ ಆಧಾರಕ್ಕೆ ತಿಮಿಂಗಿಲದ ಬೆನ್ನುಮೂಳೆಯ ತುಂಡುಗಳನ್ನು ಇಟ್ಟಿದ್ದಾರೆ. ಬಗ್ಗಿ ನೋಡಿದರೆ ಕಾಣುತ್ತದೆ. ಅದೇ ದಡದಲ್ಲಿ ತಿಮಿಂಗಿಲ ಬೇಟೆ ನಡೆಯಿತು. ಅಬಲೋನಿ ಎಂಬ ದೊಡ್ಡ ಚಿಪ್ಪಿನ ಜೀವಿಯನ್ನು ಜಪಾನಿನಿಂದ ಬಂದ ಮುಳುಗುಗಾರರು ತೆಗೆದು, ಅಲ್ಲೇ ಡಬ್ಬಿಗೆ ತುಂಬುತ್ತಿದ್ದರು. ಕಡಲು ಮುಗಿಯದ ಕಣಜ ಎಂದೇ ಎಲ್ಲರೂ ನಂಬಿದ್ದರು. ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರಕ್ಕೆ ಅಬಲೋನಿ ಹಿಡಿಯುವುದು 1997ರಲ್ಲಿ ನಿಂತಿತು. ಉತ್ತರ ಕರಾವಳಿಯಲ್ಲಿ ಹವ್ಯಾಸಕ್ಕೆ ಹಿಡಿಯುವುದೂ 2018ರಿಂದ ಬಂದ್. ಅಷ್ಟು ಕಡಿಮೆಯಾಗಿದೆ.

ಕಡಲ ನೀರುನಾಯಿಯದ್ದು ಇನ್ನೂ ದೊಡ್ಡ ಕಥೆ. ತುಪ್ಪಳಕ್ಕಾಗಿ ಕೊಂದು ಕೊಂದು, ಈ ಕರಾವಳಿಯಲ್ಲಿ ಅದು ಮುಗಿದೇ ಹೋಯಿತು ಎಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಬಳಿಯ ಬಿಕ್ಸ್‌ಬಿ ಹಳ್ಳದ ಬಾಯಿಯಲ್ಲಿ ಸುಮಾರು ಐವತ್ತರ ಒಂದು ಗುಂಪು ಕಂಡಿತು. ಇಂದು ಕ್ಯಾಲಿಫೋರ್ನಿಯಾದಲ್ಲಿ ಇರುವ ಸುಮಾರು ಮೂರು ಸಾವಿರ ನೀರುನಾಯಿಗಳು ಆ ಉಳಿದ ಕೆಲವದರ ಸಂತಾನ. ಅಮ್ಮ ಆ ದಿನ ನೋಡಿದಳು, ಒಂದು ತಾಯಿ ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ಅಂಗಾತ ತೇಲುತ್ತಿತ್ತು. ಅಲೆ ಒಯ್ಯದ ಹಾಗೆ ಮೈಗೆ ಕೆಲ್ಪ್ ಬಳ್ಳಿ ಸುತ್ತಿಕೊಂಡಿತ್ತು. ತುಂಗಾ ಹೊಳೆಯಲ್ಲಿ ನೀರುನಾಯಿ ಕಂಡವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ನಿಮಗೆ ಆ ಮುಖ ಗುರುತು ಸಿಗುತ್ತದೆ.

ಜಾಗ ಉಳಿದದ್ದೂ ತಾನಾಗಿ ಅಲ್ಲ. ಒಂದು ಕಾಲದಲ್ಲಿ ಇಲ್ಲಿ ಸೈಟುಗಳನ್ನು ಮಾಡಿ ಮಾರಲು ಶುರು ಮಾಡಿದ್ದರು. 1898ರಲ್ಲಿ ಎ.ಎಂ. ಅಲನ್ ಎಂಬಾತ ಭೂಮಿ ಕೊಂಡು, ಮಾರಿಹೋಗಿದ್ದ ಸೈಟುಗಳನ್ನೂ ಒಂದೊಂದಾಗಿ ವಾಪಸ್ ಕೊಂಡ. ಲೇಔಟ್ ಅಂದರೆ ಏನು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1933ರಲ್ಲಿ ರಾಜ್ಯ ಅದನ್ನು ಪಡೆಯಿತು. 1960ರಲ್ಲಿ ನೀರಿನೊಳಗಿನ 750 ಎಕರೆಯೂ ರಕ್ಷಣೆಗೆ ಸೇರಿತು. ಇಡೀ ದೇಶದಲ್ಲಿ ನೀರಿನೊಳಗಿನ ಮೊದಲ ರಕ್ಷಿತ ಜಾಗ ಅದು. ಮಾಂಟೆರೆ ಸೈಪ್ರೆಸ್ ಮರ ತಾನಾಗಿ ಬೆಳೆಯುವುದು ಪ್ರಪಂಚದಲ್ಲಿ ಎರಡೇ ಕಡೆ. ಅದರಲ್ಲಿ ಇದೊಂದು. ಆ ತೋಪಿನ ಮರಗಳ ಕೊಂಬೆಗಳಿಗೆ ಕಿತ್ತಳೆ ಬಣ್ಣ ಹತ್ತಿರುತ್ತದೆ, ಒಂದು ಬಗೆಯ ಪಾಚಿ. ಅಮ್ಮ ದೂರದಿಂದ ನೋಡಿ, "ಯಾರು ಇಷ್ಟು ಕುಂಕುಮ ಹಚ್ಚಿದ್ದು?" ಎಂದಳು.

ಈಗ ನನ್ನ ಕೋರಿಕೆಗಳು.

ಪ್ರವಾಸ ಏರ್ಪಡಿಸುವ ಹಿರಿಯರೇ, ದಯವಿಟ್ಟು ಇಂಥ ಜಾಗಕ್ಕೆ ಐವತ್ತು ಅರವತ್ತು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗಬೇಡಿ. ದೊಡ್ಡ ಗುಂಪಿನ ಆಟ, ಹಾಡು, ಊಟಕ್ಕೆ ಬೇರೆ ಬೇಕಾದಷ್ಟು ಪಾರ್ಕುಗಳಿವೆ. ಹೋಗುವುದಾದರೆ ಎರಡು ಮೂರು ಸಂಸಾರ, ಒಂದೋ ಎರಡೋ ಕಾರು. ಒಳಗೆ ಗಾಡಿ ನಿಲ್ಲಿಸುವ ಜಾಗ ಬೇಗ ತುಂಬುತ್ತದೆ. ಸ್ಪೀಕರ್ ಮನೆಯಲ್ಲೇ ಇರಲಿ. ಹೊರಡುವ ಮೊದಲು ವಾಟ್ಸ್ಆ್ಯಪ್ ಗುಂಪಿನಲ್ಲಿ ಏನು ತರಬೇಕು ಎಂದು ಪಟ್ಟಿ ಹಾಕುತ್ತೀರಲ್ಲ, ಅದರ ಜೊತೆಗೆ ಏನು ತರಬಾರದು ಎಂದೂ ಒಂದು ಸಾಲು ಹಾಕಿ. ಬಕೆಟ್, ಬಲೆ, ಖಾಲಿ ಕವರ್.

ಊರಿನಿಂದ ಅಪ್ಪ ಅಮ್ಮ ಬಂದಿರುವ ಮನೆಯವರಿಗೆ ಒಂದು ವಿಶೇಷ ಮಾತು. ಅಲ್ಲಿನ ಬೋರ್ಡುಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ಮುಖ್ಯವಾಗಿ ಅಲೆಯ ಬೋರ್ಡು. ಇದು ಗೋಕರ್ಣದ ಸಮುದ್ರ ಅಲ್ಲ. ನೀರು ಮೈ ಮರಗಟ್ಟುವಷ್ಟು ತಣ್ಣಗೆ. ಹತ್ತು ನಿಮಿಷ ಶಾಂತವಾಗಿದ್ದು, ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ಒಣ ಬಂಡೆಯವರೆಗೂ ಬಂದು ಎಳೆದುಕೊಂಡು ಹೋಗುತ್ತದೆ. ಪಕ್ಕದ ಮೊನಾಸ್ಟರಿ ಬೀಚ್ ನೋಡಲು ಎಷ್ಟು ಚಂದವೋ ಅಷ್ಟೇ ಅಪಾಯ. ದಡದಿಂದ ಎರಡು ಹೆಜ್ಜೆಗೇ ಆಳ. ಅಲ್ಲಿ ಪ್ರಾಣ ಹೋದವರಿದ್ದಾರೆ. ಪಾದ ತೊಳೆದುಕೊಳ್ಳಲು ಸಹ ಇಳಿಸಬೇಡಿ. ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಿಸಬೇಡಿ. ದಾರಿ ಬಿಟ್ಟು ಪೊದೆಗೆ ಕಾಲಿಟ್ಟರೆ ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಓಕ್ ಗಿಡ ತಾಗಬಹುದು. ಮಲೆನಾಡಿನವರಿಗೆ 'ಹೊಳಗೇರಿನ ಜಾತಿ' ಎಂದರೆ ಸಾಕು, ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಿಜಕ್ಕೂ ಎರಡೂ ಒಂದೇ ಕುಟುಂಬದವು.

ಕನ್ನಡ ತರಗತಿಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಿಂದಲೇ ಜಾಸ್ತಿ ಆಗುವುದು. ಆ ದಿನ ದೊಡ್ಡವರು ವಾದ ಮಾಡಿದರು, ಮಗು ವಾಪಸ್ ಇಟ್ಟಿತು. ವರ್ಷಕ್ಕೊಂದು ಪಾಠ ಕಡಲ ದಡದಲ್ಲಿ ಮಾಡಿ. ಉಬ್ಬರ, ಇಳಿತ, ಅಮಾವಾಸ್ಯೆ, ಚಿಪ್ಪು, ಏಡಿ, ಬಂಡೆ. ಪುಸ್ತಕದಲ್ಲಿ ನೆನಪಿರದ ಪದಗಳು ಅಲ್ಲಿ ಒಂದೇ ದಿನಕ್ಕೆ ನಿಲ್ಲುತ್ತವೆ. ಮುಟ್ಟಲೇಬೇಕು ಅನ್ನುವ ಮಗುವಿಗೆ ಪಕ್ಕದ ಮಾಂಟೆರೆ ಅಕ್ವೇರಿಯಂ ಇದೆ. ಅಲ್ಲಿ ಮುಟ್ಟಲೆಂದೇ ಇಟ್ಟ ತೊಟ್ಟಿಗಳಿವೆ, ಹೇಗೆ ಮುಟ್ಟಬೇಕೆಂದು ಹೇಳಿಕೊಡುವವರಿದ್ದಾರೆ.

ಕೆಲಸದಿಂದ ಬಿಡುವಾದವರು, ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆ ಖಾಲಿ ಎನ್ನುವವರು ನಮ್ಮಲ್ಲಿ ಈಗ ಕಡಿಮೆ ಇಲ್ಲ. ಆ ಟೆಲಿಸ್ಕೋಪ್ ಪಕ್ಕ ನಿಲ್ಲುವವರಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಲಿ ಎಂದು ನನಗೆ ಆಸೆ. ನಾನು ಅರ್ಜಿ ಹಾಕುತ್ತಿದ್ದೇನೆ. ಜೊತೆಗೆ ಯಾರಾದರೂ ಬಂದರೆ ಧೈರ್ಯ.

ಕೊನೆಯದಾಗಿ, ಆ ಶನಿವಾರ ವೆಸ್ಟನ್ ಬೀಚ್‌ನಲ್ಲಿ ಇದ್ದವರು ಈ ಪತ್ರ ಓದಿದರೆ, ನಿಮ್ಮ ಕೋಡುಬಳೆಯ ಋಣ ನಮ್ಮ ಮೇಲಿದೆ. ಅಮ್ಮ ಜೂನ್ ಕೊನೆಯವರೆಗೆ ಇಲ್ಲೇ ಇರುತ್ತಾಳೆ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬೆಳಿಗ್ಗೆ ಎಂಟಕ್ಕೆ ಅದೇ ಗೇಟಿನಲ್ಲಿ ನಿಲ್ಲುತ್ತೇವೆ. ಆ ಹುಡುಗನನ್ನು ಕರೆದುಕೊಂಡು ಬನ್ನಿ. ಅವನಿಟ್ಟ ನಕ್ಷತ್ರ ಮೀನು ಅದೇ ಬಂಡೆಯಲ್ಲಿದೆಯಾ ಎಂದು ಹುಡುಕಬೇಕೆಂದು ಅಮ್ಮ ಹೇಳುತ್ತಿದ್ದಾಳೆ.

ಇಂತಿ,
ನಿಮ್ಮಲ್ಲೇ ಒಬ್ಬಳು
ಸನ್ನಿವೇಲ್